ಕನ್ನಡಕದ ಗಾಯ

ಚೆಕಿಂಗ್ ಸಾಹೇಬರು ಅಂಗಡಿಯ ಗಾಜಿನ ಬಾಗಿಲನ್ನು ಕೈಯಿಂದ ತಳ್ಳಲಿಲ್ಲ, ಭುಜದಿಂದ ತಳ್ಳಿದರು. ಒಂದು ಕೈಯಲ್ಲಿ ಕನ್ನಡಕವಿತ್ತು, ಇನ್ನೊಂದು ಕೈಯಲ್ಲಿ ಮೂಗಿಗೆ ಒತ್ತಿ ಹಿಡಿದ ಕರವಸ್ತ್ರ. ಒಳಗೆ ಇಬ್ಬರು ಗಿರಾಕಿಗಳು ಕೂತಿದ್ದಾರೆ ಅನ್ನುವುದನ್ನು ಅವರು ನೋಡದೆ ಇರಲಿಲ್ಲ. ನೋಡಿಯೇ ದನಿ ಏರಿಸಿದರು.

"ಇದು ಕನ್ನಡಕವೋ, ಇಕ್ಕಳವೋ? ನಾಲ್ಕು ತಿಂಗಳಲ್ಲಿ ಮೂಗು ತೂತು ಬೀಳಿಸಿಬಿಟ್ಟಿತಲ್ಲ!"

ಅಕ್ಕತಂಗಿಯರು ನಡೆಸುತ್ತಿದ್ದ ಕನ್ನಡಕದಂಗಡಿ ಅದು. ಅಪ್ಪ ಕಟ್ಟಿದ್ದು. ಅಪ್ಪ ಹೋದ ಮೇಲೆ ಅಕ್ಕ ಗಲ್ಲಾಪೆಟ್ಟಿಗೆಯ ಮುಂದೆ ಕೂತಳು, ತಂಗಿ ಹಿಂದಿನ ಮೇಜಿನ ಮುಂದೆ. ಬಂದವರೆಲ್ಲ ಒಬ್ಬಳನ್ನು ದೊಡ್ಡಕ್ಕ ಅಂತಲೂ ಇನ್ನೊಬ್ಬಳನ್ನು ಚಿಕ್ಕಕ್ಕ ಅಂತಲೂ ಕರೆದು ಕರೆದು, ಅವರ ನಿಜವಾದ ಹೆಸರು ಬೋರ್ಡಿನ ಮೂಲೆಯಲ್ಲಿ ಬಣ್ಣ ಮಾಸಿ ಹೋಗಿತ್ತು. ವ್ಯಾಪಾರ ದೊಡ್ಡಕ್ಕನದು, ಬಾಯಿಯೂ ಅವಳದೇ. ಫ್ರೇಮನ್ನು ಬಿಸಿ ಮಾಡಿ ಬಗ್ಗಿಸುವುದು, ಕಡ್ಡಿಯನ್ನು ಕಿವಿಗೆ ಹೊಂದಿಸುವುದು, ಮೂಗಿನ ಮೇಲೆ ಕೂರುವ ಆ ಎರಡು ಪುಟ್ಟ ಪ್ಯಾಡುಗಳನ್ನು ಕೂದಲೆಳೆಯಷ್ಟು ಆಚೀಚೆ ಸರಿಸುವುದು, ಇದೆಲ್ಲ ಚಿಕ್ಕಕ್ಕನದು. ಇಪ್ಪತ್ತೆರಡು ವರ್ಷದಿಂದ ಅವಳು ಜನರ ಮುಖವನ್ನು ಒಂದು ಗೇಣು ದೂರದಿಂದ ನೋಡುತ್ತ ಬಂದವಳು. ಯಾರದು ಗಿಣಿಮೂಗು, ಯಾರದು ಒಂದು ಕಿವಿ ಕೆಳಗೆ, ಯಾರು ಮಾತಾಡುವಾಗ ಹುಬ್ಬು ಕುಣಿಸಿ ಕನ್ನಡಕ ಜಾರಿಸಿಕೊಳ್ಳುತ್ತಾರೆ, ಎಲ್ಲ ಅವಳಿಗೆ ಗೊತ್ತು.

ಚೆಕಿಂಗ್ ಸಾಹೇಬರು ಮೂವತ್ತು ವರ್ಷ ಬಸ್ಸುಗಳಲ್ಲಿ ಟಿಕೆಟ್ ತನಿಖೆ ಮಾಡಿ ನಿವೃತ್ತರಾದವರು. ನಡುದಾರಿಯಲ್ಲಿ ಬಿಸಿಲಲ್ಲಿ ನಿಂತು ಬಸ್ಸಿಗೆ ಕೈ ಅಡ್ಡ ಹಿಡಿದು, ಹತ್ತಿದ ತಕ್ಷಣ ಒಂದು ಸಲ ಎಲ್ಲರ ಮುಖ ನೋಡಿದರೆ ಸಾಕು, ಟಿಕೆಟ್ ಇಲ್ಲದವನ ಹತ್ತಿರಕ್ಕೇ ನೆಟ್ಟಗೆ ಹೋಗುತ್ತಿದ್ದರಂತೆ. ನಿವೃತ್ತಿಯಾದ ಮೇಲೂ ಆ ನೋಟ ನಿವೃತ್ತಿಯಾಗಿರಲಿಲ್ಲ. ಹಾಲಿನವನು, ಪೇಪರಿನವನು, ಸ್ವಂತ ಭಾಮೈದ, ಎಲ್ಲರೂ ಅವರ ಕಣ್ಣಿಗೆ ಟಿಕೆಟ್ ಇಲ್ಲದ ಪ್ರಯಾಣಿಕರೇ.

"ಕೂತ್ಕೊಳ್ಳಿ ಸಾರ್, ನೋಡ್ತೀನಿ," ಅಂದಳು ಚಿಕ್ಕಕ್ಕ.

ಕರವಸ್ತ್ರ ತೆಗೆದರು. ಮೂಗಿನ ಎರಡೂ ಬದಿ ಕೆಂಪಾಗಿತ್ತು. ಎಡಗಡೆ ಉಗುರು ಒತ್ತಿದಂಥ ಒಂದು ಗೀರು, ಅಂಚು ದಪ್ಪಗಾಗಿ ಚರ್ಮ ಸೀಳಿತ್ತು. ಬಲಗಡೆ ಒಂದು ಸಣ್ಣ ಗುಳ್ಳೆ, ನಡುವೆ ತಗ್ಗು, ತಗ್ಗಿನ ಮೇಲೆ ಒಣಗಿದ ಹಕ್ಕಳೆ.

ಚಿಕ್ಕಕ್ಕನಿಗೆ ಎಡಗಡೆಯ ಗೀರು ಯಾಕಾಯಿತು ಅಂತ ನೋಡಿದ ಕೂಡಲೇ ಗೊತ್ತಾಯಿತು. ಪ್ಯಾಡಿನ ತಂತಿ ಒಂದಿಷ್ಟು ಒಳಕ್ಕೆ ಬಾಗಿ, ಪ್ಯಾಡು ಚಪ್ಪಟೆಯಾಗಿ ಕೂರುವ ಬದಲು ಅಂಚಿನಿಂದ ಚುಚ್ಚುತ್ತಿತ್ತು. ಆವತ್ತು ಅವಳು ಅವಸರದಲ್ಲಿದ್ದಳು. ಬಾಗಿಲು ಹಾಕುವ ಹೊತ್ತು, ಸಾಹೇಬರು ಗಡಿಯಾರ ತೋರಿಸಿ ಗದರುತ್ತಿದ್ದರು, ಅವಳು "ಸರಿಯಾಗಿದೆ ಸಾರ್" ಅಂದು ಕೊಟ್ಟು ಕಳಿಸಿದ್ದಳು. ಸರಿಯಾಗಿರಲಿಲ್ಲ.

ಆದರೆ ಆ ಮಾತು ಬಾಯಿಗೆ ಬರಲಿಲ್ಲ. ಗಲ್ಲಾಪೆಟ್ಟಿಗೆಯಿಂದ ದೊಡ್ಡಕ್ಕನ ಕಣ್ಣು ಅವಳ ಬೆನ್ನಿಗೇ ನೆಟ್ಟಿತ್ತು.

"ಪ್ಯಾಡು ಬದಲಾಯಿಸ್ತೀನಿ ಸಾರ್. ಮೆತ್ತನೆಯದು ಹಾಕ್ತೀನಿ. ಮೂರು ವಾರದಲ್ಲಿ ವಾಸಿಯಾಗುತ್ತೆ."

"ವಾಸಿಯಾಗದಿದ್ರೆ?"

"ಆಗುತ್ತೆ ಸಾರ್."

"ನೀವು ಹೇಳಿದ್ದು ಎಲ್ಲ ಬರೆದಿಟ್ಕೊಳ್ತೀನಿ," ಅಂದು ಜೇಬಿನಿಂದ ಪುಟ್ಟ ಡೈರಿ ತೆಗೆದು ನಿಜವಾಗಿಯೂ ಬರೆದುಕೊಂಡರು.

ಮೂರು ವಾರಕ್ಕೆ ಸರಿಯಾಗಿ, ದಿನ ತಪ್ಪದೆ ಬಂದರು. ಎಡಗಡೆ ಗಾಯ ಮಾಯ್ದು, ಒಂದು ನಸುಗೆಂಪು ಗೆರೆ ಮಾತ್ರ ಉಳಿದಿತ್ತು. ಬಲಗಡೆ ಹಾಗೇ ಇತ್ತು.

"ಒಂದು ಕಡೆ ರಿಪೇರಿ ಮಾಡಿದ್ರಿ, ಇನ್ನೊಂದು ಕಡೆ ಮರೆತ್ರಿ. ಅರ್ಧ ಟಿಕೆಟ್ ತಗೊಂಡು ಪೂರ್ತಿ ಪ್ರಯಾಣ ಮಾಡೋರನ್ನ ನಾನು ಬೇಕಾದಷ್ಟು ನೋಡಿದ್ದೀನಿ ಕಣಮ್ಮ."

ಚಿಕ್ಕಕ್ಕ ಕನ್ನಡಕ ತೆಗೆದುಕೊಂಡಳು. ಅಪ್ಪ ಹೇಳಿಕೊಟ್ಟ ಒಂದು ಉಪಾಯವಿತ್ತು. ಪ್ಯಾಡಿಗೆ ಚೂರು ಮುಖದ ಪೌಡರ್ ಸವರಿ, ಕನ್ನಡಕ ಹಾಕಿಸಿ, ಗಿರಾಕಿಯನ್ನು ಎರಡು ಹೆಜ್ಜೆ ನಡೆಸಿ, ತಲೆ ಬಗ್ಗಿಸಲು ಹೇಳಿ, ಮೆಲ್ಲಗೆ ತೆಗೆದರೆ ಪ್ಯಾಡು ಎಲ್ಲಿ ಕೂರುತ್ತದೆ ಎನ್ನುವುದು ಮೂಗಿನ ಮೇಲೆ ಬೆಳ್ಳಗೆ ಬರೆದ ಹಾಗೆ ಕಾಣುತ್ತದೆ. ಹಾಗೇ ಮಾಡಿದಳು. ಎಡಗಡೆ ಪೌಡರಿನ ಗುರುತು ಹಳೆಯ ಗೀರಿನ ಮೇಲೇ ಬಿತ್ತು. ಬಲಗಡೆ ಗುರುತು ಕೆಳಗೆ ಬಿತ್ತು. ಗುಳ್ಳೆ ಅದಕ್ಕಿಂತ ಒಂದು ಜೋಳದ ಕಾಳಿನಷ್ಟು ಮೇಲೆ, ಪ್ಯಾಡು ಮುಟ್ಟದ ಜಾಗದಲ್ಲಿ ಕೂತಿತ್ತು.

ಇನ್ನೊಮ್ಮೆ ಮಾಡಿದಳು. ಮತ್ತೂ ಹಾಗೇ.

ಸ್ಕ್ರೂ ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ದೀಪ ಹತ್ತಿರ ಎಳೆದು ಬಗ್ಗಿದಳು. ಗುಳ್ಳೆಯ ಅಂಚು ಮುತ್ತಿನ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಅದರ ಮೇಲೆ ಕೆಂಪು ನೂಲಿನಂಥ ನರಗಳು, ಎರಡು ಮೂರು ಕಪ್ಪು ಚುಕ್ಕೆಗಳು. ಅವಳು ಸಾವಿರಾರು ಮೂಗು ನೋಡಿದ್ದಳು: ಮೊಡವೆ, ನರುಲಿ, ಮಚ್ಚೆ, ಬೆವರುಸಾಲೆ, ಕನ್ನಡಕ ಒತ್ತಿದ ಗುಳಿ. ಇದು ಆ ಯಾವುದರ ಮುಖಕ್ಕೂ ಹೊಂದಲಿಲ್ಲ. ಎಲ್ಲದರ ಮುಖವನ್ನೂ ಸ್ವಲ್ಪ ಸ್ವಲ್ಪ ಹೋಲುತ್ತಿತ್ತು.

"ಸಾರ್, ಇದು ಎಷ್ಟು ದಿನದಿಂದ ಇದೆ?"

"ನಿಮ್ಮ ಕನ್ನಡಕ ಹಾಕ್ಕೊಂಡ ದಿನದಿಂದ."

"ರಕ್ತ ಬರುತ್ತಾ?"

"ನಿಮ್ಮ ಕನ್ನಡಕ ತೆಗೆದಾಗ ಬರುತ್ತೆ."

ಚಿಕ್ಕಕ್ಕ ಭೂತಗನ್ನಡಿ ತೆಗೆದಿಟ್ಟಳು. "ಸಾರ್, ತಪ್ಪು ತಿಳ್ಕೋಬೇಡಿ. ಪ್ಯಾಡು ಆ ಜಾಗಕ್ಕೆ ತಾಗ್ತಾನೇ ಇಲ್ಲ. ಒಂದು ಸಲ ಚರ್ಮದ ಡಾಕ್ಟರಿಗೆ ತೋರಿಸಿಬಿಡಿ."

ಸಾಹೇಬರು ನಿಧಾನವಾಗಿ ಎದ್ದು ನಿಂತರು. ಮೂಗಿನ ತುದಿಯಲ್ಲೇ ಕೋಪ ಅನ್ನುತ್ತಾರಲ್ಲ, ಅವರಿಗೆ ಅದು ಗುಳ್ಳೆಯವರೆಗೂ ಏರಿತು.

"ಓಹೋ! ತಪ್ಪು ಮಾಡಿದ್ದು ನಿಮ್ಮ ಕನ್ನಡಕ, ರೋಗ ಇರೋದು ನನಗಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ! ಮೂವತ್ತು ವರ್ಷ ಸರ್ವಿಸಿನಲ್ಲಿ, ಸಿಕ್ಕಿಬಿದ್ದೋರೆಲ್ಲ ಒಂದಲ್ಲ ಒಂದು ಕತೆ ಹೇಳಿದ್ದಾರೆ. ಟಿಕೆಟ್ ಗಾಳಿಗೆ ಹಾರಿಹೋಯ್ತು, ಮಗು ನುಂಗ್ತು, ಕಂಡಕ್ಟರ್ ಕೊಡಲಿಲ್ಲ. ನಿಮ್ಮಷ್ಟು ಒಳ್ಳೇ ಕತೆ ಯಾರೂ ಕಟ್ಟಿರಲಿಲ್ಲ!"

ಬಾಗಿಲು ಬಡಿದ ರಭಸಕ್ಕೆ ಗೋಡೆಯ ಕನ್ನಡಿಯಲ್ಲಿ ಸಾಲು ಸಾಲು ಫ್ರೇಮುಗಳು ನಡುಗಿದವು.

"ಹೊಸ ಫ್ರೇಮ್ ಒಂದು ಕೊಟ್ಟು ಕಳಿಸಿದ್ರೆ ಮುಗೀತಿತ್ತು," ಅಂದಳು ದೊಡ್ಡಕ್ಕ. "ಅವರಿಗೆ ಬೇಕಾಗಿರೋದೇ ಅದು. ಹುಣ್ಣನ್ನ ಉಗುರಲ್ಲಿ ಕೆರೆದು ಕೆರೆದು ಜೀವಂತ ಇಟ್ಕೊಂಡಿದ್ದಾರೆ, ಬರೆದಿಟ್ಕೋ."

"ಅಲ್ಲ ಅಕ್ಕಾ, ಅದು ಬೇರೆ ಏನೋ ಇದೆ."

"ನೀನ್ಯಾವಾಗ ಡಾಕ್ಟರ್ ಆದೆ? ಅದು ಬೇರೆ ಏನೋ ಆಗಿರಲಿ ಅಂತ ನಿನಗೆ ಆಸೆ, ಅಷ್ಟೆ."

ಆ ಮಾತು ಚಿಕ್ಕಕ್ಕನಿಗೆ ಮುಳ್ಳಿನ ಹಾಗೆ ನಾಟಿತು. ಏಕೆಂದರೆ ಅದರಲ್ಲಿ ಅರ್ಧ ನಿಜವಿತ್ತು. ಅದು ರೋಗವಾದರೆ ಅವಳ ಕೈ ಸ್ವಚ್ಛ. ಆ ಪೌಡರಿನ ಗುರುತು ಕೆಳಗೆ ಬಿದ್ದಾಗ ಮೊದಲು ಅವಳಿಗೆ ಆದದ್ದು ಗಾಬರಿಯಲ್ಲ, ಸಮಾಧಾನ. ಒಬ್ಬ ಮನುಷ್ಯನ ಮೂಗಿನ ಮೇಲೆ ಕೆಟ್ಟದ್ದೇನೋ ಇದೆ ಅಂತ ಕಂಡು ಸಮಾಧಾನಪಟ್ಟವಳು ತಾನು. ಹಾಗಿದ್ದ ಮೇಲೆ ತನ್ನ ಕಣ್ಣನ್ನೇ ತಾನು ಹೇಗೆ ನಂಬುವುದು? ಮುತ್ತಿನ ಹೊಳಪು, ಕೆಂಪು ನೂಲು, ಕಪ್ಪು ಚುಕ್ಕೆ, ಇದೆಲ್ಲ ಇದ್ದದ್ದೋ, ಇರಲಿ ಅಂತ ಕಂಡದ್ದೋ?

ಒಂದು ವಾರದಲ್ಲಿ ಮಾತು ಹರಡಿತು. ಬಸ್ ಡಿಪೋ ಎದುರಿನ ಟೀ ಅಂಗಡಿಯಲ್ಲಿ ಸಾಹೇಬರು ಮೂಗು ತೋರಿಸಿ ಭಾಷಣ ಮಾಡುತ್ತಿದ್ದಾರೆ ಅಂತ ಗೊತ್ತಾಯಿತು. ಪಕ್ಕದ ಬೀದಿಯ ದರ್ಜಿ ಬಂದು ಫ್ರೇಮನ್ನು ಮೂಸಿ ನೋಡಿ, "ಇದರಲ್ಲಿ ವಿಷದ ಲೋಹ ಏನೂ ಇಲ್ಲವಲ್ಲ?" ಅಂತ ಕೇಳಿದ. ದೊಡ್ಡಕ್ಕ ಅವನು ಹೋದ ಮೇಲೆ ಲೆಕ್ಕದ ಪುಸ್ತಕವನ್ನು ಮೇಜಿಗೆ ಕುಕ್ಕಿದಳು.

"ಊರೆಲ್ಲರ ತಲೆಯಲ್ಲಿ ಹುಳ ಬಿಡ್ತಿದ್ದಾರೆ. ನೀನು ಮಾತ್ರ ಅವರ ಹುಣ್ಣಿನ ಚಿಂತೆ ಮಾಡ್ತಾ ಕೂತಿರು."

ಚಿಕ್ಕಕ್ಕ ನಿಜವಾಗಿ ಅದೇ ಚಿಂತೆಯಲ್ಲಿದ್ದಳು. ಆ ದಿನ ಮಧ್ಯಾಹ್ನ, ಬೇರೆ ಯಾರದೋ ಲೆನ್ಸಿಗೆ ಅಳತೆ ತೆಗೆಯುತ್ತಿದ್ದಾಗ ಅವಳ ಕೈ ನಿಂತಿತು. ಲೆನ್ಸಿನ ನಡುಬಿಂದು ಕಣ್ಣಿನ ಪಾಪೆಗೆ ಸರಿಯಾಗಿ ಬರಲೆಂದು, ಆರಿಸಿದ ಖಾಲಿ ಫ್ರೇಮನ್ನು ಗಿರಾಕಿಗೆ ಹಾಕಿಸಿ ಅವಳು ಒಂದು ಫೋಟೋ ತೆಗೆಯುತ್ತಿದ್ದಳು. ಎಲ್ಲರದ್ದೂ. ಸಾಹೇಬರದ್ದೂ ಇರಲೇಬೇಕು.

ಫೋನಿನಲ್ಲಿ ಹುಡುಕಿದಳು. ಸಿಕ್ಕಿತು. ಐದು ತಿಂಗಳ ಹಿಂದಿನ ಮುಖ, ಆಗಲೂ ಗಂಟುಹುಬ್ಬು. ಆ ಫ್ರೇಮು ಅವರ ಮೂಗಿನ ಮೇಲೆ ಕೂತು ಆಗ ಎರಡು ನಿಮಿಷವೂ ಆಗಿರಲಿಲ್ಲ. ಚಿತ್ರವನ್ನು ದೊಡ್ಡದು ಮಾಡುತ್ತ ಹೋದಳು. ಎಡಗಡೆ ಚರ್ಮ ಸ್ವಚ್ಛ. ಬಲಗಡೆ, ಪ್ಯಾಡಿನ ಮೇಲ್ತುದಿಗಿಂತ ಚೂರು ಮೇಲೆ, ಸಾಸಿವೆ ಕಾಳಿನಂಥ ಒಂದು ಹೊಳಪು.

"ಸಿಕ್ಕಿತಲ್ಲ!" ದೊಡ್ಡಕ್ಕ ಚಪ್ಪಾಳೆ ತಟ್ಟಿದಳು. "ಇದನ್ನ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಬಾಗಿಲಿಗೆ ಅಂಟಿಸೋಣ. ಊರವರೇ ನೋಡಲಿ."

"ಅವರ ಮನೆಗೆ ಹೋಗಿ ಬರ್ತೀನಿ."

"ಹುಚ್ಚಾ ನಿನಗೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಗುತ್ತೆ!"

"ಸಾಸಿವೆಯಷ್ಟಿದ್ದದ್ದು ಈಗ ಕಡಲೆಕಾಳಷ್ಟಾಗಿದೆ ಅಕ್ಕಾ. ಅವರಾಗಿ ಇನ್ನು ಅಂಗಡಿಗೆ ಬರಲ್ಲ," ಅಂದು ಚಪ್ಪಲಿ ಮೆಟ್ಟಿದಳು.

ಸಾಹೇಬರ ಮನೆ ಎರಡನೇ ಮಹಡಿಯಲ್ಲಿತ್ತು. ಬಾಗಿಲು ತೆಗೆದದ್ದು ಅವರ ಹೆಂಡತಿ: ಸಣ್ಣ ಆಳು, ಕೈಯಲ್ಲಿ ಒಗೆದ ಬಟ್ಟೆಯ ಬಕೆಟ್ಟು. "ಕನ್ನಡಕದಂಗಡಿಯವಳಾ? ಬಾಮ್ಮ, ಒಳಗೆ ಬಾ," ಅಂದವರು, ದನಿ ತಗ್ಗಿಸಿ, "ನಿನ್ನನ್ನ ಬೈದ್ರೆ ಬೇಜಾರು ಮಾಡ್ಕೋಬೇಡ, ಅವರಿಗೆ ಬೆಳಗಿಂದ ಯಾರೂ ಸಿಕ್ಕಿರಲಿಲ್ಲ" ಅಂದರು.

ಸಾಹೇಬರು ಕಿಟಕಿಯ ಪಕ್ಕ ಪೇಪರ್ ಹಿಡಿದು ಕೂತಿದ್ದರು. ಕನ್ನಡಕದ ಬಲಗಡೆ ಪ್ಯಾಡಿಗೆ ಹತ್ತಿ ಸುತ್ತಿದ್ದರು.

ಚಿಕ್ಕಕ್ಕ ಪೀಠಿಕೆ ಹಾಕದೆ, ದಾರಿಯಲ್ಲಿ ಪ್ರಿಂಟ್ ಹಾಕಿಸಿಕೊಂಡ ಫೋಟೋ ಮುಂದಿಟ್ಟಳು. ಅವರು ದೂರ ಹಿಡಿದರು, ಹತ್ತಿರ ಹಿಡಿದರು, ಹಿಂದೆ ತಿರುಗಿಸಿ ನೋಡಿದರು.

"ಈಗಿನ ಕಾಲದಲ್ಲಿ ಫೋಟೋದಲ್ಲಿ ಏನು ಬೇಕಾದ್ರೂ ಸೇರಿಸಬಹುದು. ನನಗೆ ಕೊಂಬು ಬರಿಸಿದ್ರೂ ಬರಿಸ್ತೀರಿ."

"ಸೇರಿಸಿಲ್ಲ ಸಾರ್."

"ಹಾಗಂತ ನೀವು ಹೇಳ್ತೀರಿ."

ಬಕೆಟ್ಟು ನೆಲಕ್ಕೆ ಕೂತ ಸದ್ದಾಯಿತು. "ಹಾಗಂತ ನಾನೂ ಹೇಳ್ತೀನಿ," ಅಂದರು ಹೆಂಡತಿ. "ದಿಂಬಿನ ಚೀಲ ಒಗೆಯೋಳು ನಾನು. ಒಂದು ವರ್ಷದ ಮೇಲಾಯ್ತು ರಕ್ತದ ಚುಕ್ಕೆ ನೋಡಿ. ಕೇಳಿದ್ರೆ ಉಷ್ಣದ ಗುಳ್ಳೆ ಅಂದ್ರಿ. ಆಮೇಲೆ ಸೊಳ್ಳೆ ಕಚ್ಚಿದ್ದು ಅಂದ್ರಿ. ನನ್ನ ತಮ್ಮ ಮೆಡಿಕಲ್ ಶಾಪಿಂದ ಮುಲಾಮು ತಂದುಕೊಟ್ಟ, ನಾಲ್ಕು ದಿನ ಕೆಂಪು ಇಳೀತು, ಮತ್ತೆ ಬಂತು. ಆಗ ಅವನು ನಕಲಿ ಮುಲಾಮು ಕೊಟ್ಟ ಅಂದ್ರಿ. ಹೊಸ ಕನ್ನಡಕ ಬಂದದ್ದೇ ನಿಮಗೆ ಒಳ್ಳೇದಾಯ್ತು. ಬೈಯೋಕೆ ಮನೆಯಿಂದ ಹೊರಗಿನವರು ಒಬ್ಬರು ಸಿಕ್ಕಿದ್ರು."

ಸಾಹೇಬರು ಹೆಂಡತಿಯ ಮುಖ ನೋಡಿದರು. ಅಲ್ಲಿ ಹಿಡಿಯುವಂಥದ್ದು ಏನೂ ಸಿಗಲಿಲ್ಲ. ಚಿಕ್ಕಕ್ಕನ ಕಡೆ ತಿರುಗಿದರು.

"ಹಾಗಾದ್ರೆ ನಿಮ್ಮ ಕನ್ನಡಕದ್ದು ತಪ್ಪೇ ಇಲ್ಲ ಅಂತೀರಿ?"

ಹೌದು ಅನ್ನುವುದು ಎಷ್ಟು ಸುಲಭವಾಗಿತ್ತು. ಫೋಟೋ ಕೈಯಲ್ಲಿತ್ತು, ಹೆಂಡತಿಯ ಸಾಕ್ಷಿಯಿತ್ತು, ಎಡಗಡೆಯ ಗಾಯ ಮಾಯ್ದೂ ಹೋಗಿತ್ತು. ಚಿಕ್ಕಕ್ಕ ಬಾಯಿ ತೆಗೆದಳು. ಬಂದದ್ದು ಬೇರೆ ಮಾತು.

"ಇದೆ ಸಾರ್. ಎಡಗಡೆದು ನನ್ನ ತಪ್ಪು. ಆವತ್ತು ಅವಸರದಲ್ಲಿ ಪ್ಯಾಡು ಸರಿಯಾಗಿ ಕೂರಿಸಲಿಲ್ಲ. ಅದು ಗೊತ್ತಾದ ಮೇಲೂ ನಾನು ನಿಮಗೆ ಹೇಳಲಿಲ್ಲ. ಬೇಕಾದ್ರೆ ಬರೆದುಕೊಡ್ತೀನಿ. ಆದ್ರೆ ಬಲಗಡೆದು ನನ್ನದಲ್ಲ. ಅದೇನು ಅಂತ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದಕ್ಕೇ ಹೆದರಿಕೆ."

ಸಾಹೇಬರು ಪೇಪರ್ ಮಡಚಿದರು.

"ಮೂವತ್ತು ವರ್ಷದಲ್ಲಿ," ಅಂದರು, "ತಪ್ಪಿಸ್ಕೊಳ್ಳೋ ದಾರಿ ಇದ್ರೂ ತಾನಾಗಿ ಒಪ್ಕೊಂಡೋರು ಯಾರೂ ಸಿಕ್ಕಿರಲಿಲ್ಲ." ಮತ್ತೆ ಅನುಮಾನ ತಲೆಯೆತ್ತಿತೇನೋ, ಕಣ್ಣು ಕಿರಿದು ಮಾಡಿದರು. "ಡಾಕ್ಟರ್ ನಿಮ್ಮ ಕಡೆಯವರಾ?"

"ಯಾವ ಡಾಕ್ಟರನ್ನ ಬೇಕಾದ್ರೂ ನೀವೇ ಆರಿಸಿ."

"ಆರಿಸ್ತೀನಿ. ನೀವೂ ಬರಬೇಕು. ಕನ್ನಡಕದ ಗಾಯ ಅಂತ ಡಾಕ್ಟರ್ ಹೇಳಿದ್ರೆ ಅಲ್ಲೇ ಕಾಗದದಲ್ಲಿ ಬರೆದು ನಿಮ್ಮ ಬಾಗಿಲಿಗೆ ಅಂಟಿಸಬೇಕು."

"ಆಯ್ತು."

ಅವರು ಆರಿಸಿದ್ದು ಸರ್ಕಾರಿ ಆಸ್ಪತ್ರೆಯ ಚರ್ಮದ ವಿಭಾಗ. ಖಾಸಗಿಯವರು ಇಲ್ಲದ ರೋಗ ಹುಡುಕುತ್ತಾರೆ ಅನ್ನುವುದು ಅವರ ಗುಮಾನಿ; ಸರ್ಕಾರಿಯವರು ಇರುವ ರೋಗವನ್ನೂ ನೋಡುವುದಿಲ್ಲ ಅನ್ನುವುದು ಇನ್ನೊಂದು ಗುಮಾನಿ; ಎರಡನೆಯದು ಅವರಿಗೆ ಅನುಕೂಲವಾಗಿತ್ತು. ಉದ್ದ ಬೆಂಚಿನ ಮೇಲೆ ಹೆಂಡತಿಯೂ ಸೇರಿ ಮೂವರೂ ಎರಡು ಗಂಟೆ ಕೂತರು. ಯಾರು ಸರದಿ ತಪ್ಪಿಸಿ ಒಳಗೆ ನುಗ್ಗುತ್ತಾರೆ ಅಂತ ಸಾಹೇಬರು ಕಾಯುತ್ತಿದ್ದರು. ಇಬ್ಬರನ್ನು ಹಿಡಿದು ವಾಪಸ್ ಕಳಿಸಿದರು.

ಡಾಕ್ಟರು ಒಬ್ಬ ಯುವತಿ. ದೀಪವಿರುವ ಪುಟ್ಟ ಮಸೂರವನ್ನು ಗುಳ್ಳೆಗೆ ಆನಿಸಿ ಬಹಳ ಹೊತ್ತು ನೋಡಿದಳು. ಆ ಹೊತ್ತಿನಲ್ಲಿ ಚಿಕ್ಕಕ್ಕ ನೋಡಿದ್ದು ಡಾಕ್ಟರ ಮುಖವನ್ನು. ಏನೂ ಗೊತ್ತಾಗಲಿಲ್ಲ.

"ಕನ್ನಡಕ ಒತ್ತಿ ಒತ್ತಿ ಇಂಥದ್ದೇ ಗಾಯ ಆಗೋದುಂಟು," ಅಂದಳು ಡಾಕ್ಟರು.

ಸಾಹೇಬರು ಗೆದ್ದವರ ಹಾಗೆ ಚಿಕ್ಕಕ್ಕನ ಕಡೆ ತಿರುಗಿದರು.

"ಅದು ಏನೂ ಅಪಾಯ ಇಲ್ಲದ್ದು. ಕನ್ನಡಕ ಸರಿಮಾಡಿದ್ರೆ ತಾನೇ ಹೋಗುತ್ತೆ. ಆದ್ರೆ ಅದೇ ವೇಷ ಹಾಕ್ಕೊಂಡು ಬರೋ ಇನ್ನೊಂದಿದೆ. ಮೊಡವೆ ಥರ ಇರುತ್ತೆ, ವಾಸಿಯಾಗೋ ಹಾಗೆ ನಟಿಸುತ್ತೆ, ಹಕ್ಕಳೆ ಕಟ್ಟುತ್ತೆ, ಬೀಳುತ್ತೆ, ರಕ್ತ ಬರುತ್ತೆ, ಮತ್ತೆ ಕಟ್ಟುತ್ತೆ. ನನಗೆ ಇದರ ಮೇಲೆ ಅನುಮಾನ ಇದೆ. ಕಣ್ಣಲ್ಲಿ ನೋಡಿ ತೀರ್ಪು ಹೇಳೋಕಾಗಲ್ಲ. ಅಕ್ಕಿಕಾಳಷ್ಟು ತುಂಡು ತೆಗೆದು ಪರೀಕ್ಷೆಗೆ ಕಳಿಸಬೇಕು."

"ಅನುಮಾನ ಅಂದ್ರೆ ಎಷ್ಟು?" ಕೇಳಿದರು ಸಾಹೇಬರು.

"ತುಂಡು ತೆಗೆಯೋಷ್ಟು."

ಆ ಉತ್ತರ ಅವರಿಗೆ ಹಿಡಿಸಿರಬೇಕು. ಮಂಚದ ಮೇಲೆ ಮಲಗಿದರು. ಸೂಜಿ ಚುಚ್ಚಿದಾಗ ಹೆಂಡತಿಯ ಸೆರಗು ಹಿಡಿದುಕೊಂಡರು.

ಫಲಿತಾಂಶಕ್ಕೆ ಹತ್ತು ದಿನ. ಆ ಹತ್ತು ದಿನ ಸಾಹೇಬರು ದಿನಾ ಹನ್ನೊಂದಕ್ಕೆ ಅಂಗಡಿಗೆ ಬಂದು ಮೂಲೆಯ ಕುರ್ಚಿಯಲ್ಲಿ ಕೂರತೊಡಗಿದರು. ಯಾಕೆ ಅಂತ ಹೇಳಲಿಲ್ಲ. ಮೂಗಿಗೆ ಬಿಳಿ ಪಟ್ಟಿ, ಕೈಯಲ್ಲಿ ಕನ್ನಡಕ. "ಆರೋಪಿ ಓಡಿಹೋಗದ ಹಾಗೆ ಕಾವಲು," ಅಂತ ದೊಡ್ಡಕ್ಕ ಗೊಣಗಿದಳು. ಐದನೇ ದಿನ ಅವಳೇ ಅವರಿಗೂ ಒಂದು ಲೋಟ ಟೀ ತರಿಸಿದಳು. ಅವರು ಟೀಯನ್ನು ಒಮ್ಮೆ ಮೂಸಿ ಕುಡಿದರು.

ಎಂಟನೇ ದಿನ, ಅಂಗಡಿ ಖಾಲಿಯಿದ್ದಾಗ, "ಚಿಕ್ಕಕ್ಕ," ಅಂದರು. ಹಾಗೆ ಕರೆದದ್ದು ಅದೇ ಮೊದಲು. "ನಿಮಗೆ ಏನನ್ಸುತ್ತೆ?"

ಅವಳು ಇಕ್ಕಳ ಕೆಳಗಿಟ್ಟಳು. "ಕನ್ನಡಕದ್ದೇ ಆಗಿರಲಿ ಅನ್ಸುತ್ತೆ ಸಾರ್. ಬಾಗಿಲಿಗೆ ಕಾಗದ ಅಂಟಿಸ್ತೀನಿ."

ಅದು ನಿಜವಾಗಿತ್ತು. ಯಾವಾಗ ನಿಜವಾಯಿತು ಅಂತ ಅವಳಿಗೇ ಗೊತ್ತಿರಲಿಲ್ಲ.

ಕನ್ನಡಕದ್ದಾಗಿರಲಿಲ್ಲ. ಡಾಕ್ಟರು ವರದಿಯನ್ನು ಮೇಜಿನ ಮೇಲಿಟ್ಟು, ಹೆಸರನ್ನು ಎರಡು ಸಲ ಬಿಡಿಸಿ ಹೇಳಿದಳು: ಬೇಸಲ್ ಸೆಲ್ ಕಾರ್ಸಿನೋಮ. ಚರ್ಮದ ಕ್ಯಾನ್ಸರ್. ಕ್ಯಾನ್ಸರುಗಳ ಪೈಕಿ ನಿಧಾನದ್ದು, ಬೇರೆ ಅಂಗಗಳಿಗೆ ಹರಡುವುದು ತೀರ ಅಪರೂಪ. ಹಾಗಂತ ಬಿಟ್ಟರೆ ಇದ್ದಲ್ಲೇ ಬೇರು ಬಿಟ್ಟು ಮೂಗನ್ನು, ಆಮೇಲೆ ಕಣ್ಣಿನ ಮೂಲೆಯನ್ನು ಗೆದ್ದಲಿನ ಹಾಗೆ ತಿನ್ನುತ್ತದೆ. ಕತ್ತರಿಸಿ ತೆಗೆಯಬೇಕು.

ಹೆಂಡತಿ ಕುರ್ಚಿಯ ಕೈ ಹಿಡಿದುಕೊಂಡರು. ಸಾಹೇಬರು ಮಾತ್ರ ನೆಟ್ಟಗೆ ಕೂತು ಕೇಳಿದರು: "ಯಾರ ತಪ್ಪಿದು?"

"ತಪ್ಪು ಅಂತ ಯಾರದ್ದೂ ಅಲ್ಲ. ವರ್ಷಗಟ್ಟಲೆ ಬಿಸಿಲಲ್ಲಿ ಕೆಲಸ ಮಾಡಿದೋರಿಗೆ ಬರೋ ಸಾಧ್ಯತೆ ಜಾಸ್ತಿ. ಏನೂ ಮಾಡದೋರಿಗೂ ಬರುತ್ತೆ."

"ಯಾರದ್ದೋ ಇರಲೇಬೇಕಲ್ಲ," ಅಂದರು. ದನಿಯಲ್ಲಿ ಜೋರಿರಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕೂತರು. ಡೈರಿ ತೆಗೆದು ತೊಡೆಯ ಮೇಲಿಟ್ಟರು, ಏನೂ ಬರೆಯಲಿಲ್ಲ. ಚಿಕ್ಕಕ್ಕ ಪಕ್ಕದಲ್ಲಿ ಕೂತಳು.

ಮೊದಲ ಸಲ ಕತ್ತರಿಸಿದ್ದು ಸಾಲಲಿಲ್ಲ. ಕೆಳಗಿನ ಅಂಚಿನಲ್ಲಿ ಇನ್ನೂ ಉಳಿದಿದೆ ಅಂತ ವರದಿ ಬಂತು. ಹತ್ತು ದಿನ ಬಿಟ್ಟು ಮತ್ತೆ ಕತ್ತರಿಸಿದರು. ಅಂಚುಗಳೆಲ್ಲ ಶುದ್ಧ ಅಂತ ಖಾತ್ರಿಯಾದ ಮೇಲೆ ಕೆನ್ನೆಯ ಚರ್ಮವನ್ನೇ ಸರಿಸಿ ತಂದು ಆ ಕುಳಿ ಮುಚ್ಚಿದರು. "ಮೊದಲೇ ಪೂರ್ತಿ ತೆಗೆಯೋಕೆ ಏನಾಗಿತ್ತು? ಇವರಿಗೆ ಕೆಲಸ ಬರುತ್ತೋ ಇಲ್ವೋ?" ಅಂತ ಸಾಹೇಬರು ಪಟ್ಟಿಯ ಒಳಗಿಂದಲೇ ಗುಡುಗಿದಾಗ, ಇನ್ನು ಇವರು ಉಳಿಯುತ್ತಾರೆ ಅಂತ ಹೆಂಡತಿಗೆ ಧೈರ್ಯ ಬಂತಂತೆ.

ಆದರೆ ಕನ್ನಡಕ ಹಾಕುವ ಹಾಗಿರಲಿಲ್ಲ. ಎರಡು ತಿಂಗಳು ಮೂಗಿನ ಮೇಲೆ ಹತ್ತಿಯ ಭಾರವನ್ನೂ ಇಡಕೂಡದು. ಅವರು ಕನ್ನಡಕವನ್ನು ಒಂದು ಕೈಯಲ್ಲಿ ಗಾಳಿಯಲ್ಲಿ ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಪೇಪರ್ ಹಿಡಿದು ಓದುತ್ತಿದ್ದರು. ಪುಟ ತಿರುಗಿಸಬೇಕಾದರೆ ಹೆಂಡತಿ ಬರಬೇಕು. ಎರಡು ತಿಂಗಳು ಕಳೆದ ಮೇಲೆ ಚಿಕ್ಕಕ್ಕ ನೋಡಿದಳು. ಬಲಗಡೆ ಮೂಗಿನಿಂದ ಕೆನ್ನೆಗೆ ಹೊಲಿಗೆಯ ಗೆರೆ, ಚರ್ಮ ಸ್ವಲ್ಪ ಉಬ್ಬಿ, ಮೂಗಿನ ಎರಡು ಬದಿ ಎರಡು ಥರ. ಪ್ಯಾಡೇ ಇಲ್ಲದ, ಮೂಗಿನ ನಡುಗೆರೆಯ ಮೇಲೆ ಸೇತುವೆಯ ಹಾಗೆ ಕೂರುವ ಒಂದು ಫ್ರೇಮು ಹುಡುಕಿ ತಂದಳು. ಅದು ಜಾರಿತು. ಕಡ್ಡಿ ಬಗ್ಗಿಸಿದಳು; ಕಿವಿ ನೋವು ಅಂದರು. ಸೇತುವೆಯನ್ನು ಉಜ್ಜಿ ತೆಳ್ಳಗೆ ಮಾಡಿದಳು; ಓರೆ ಅಂದರು. ನಾಲ್ಕು ಸಲ ಬಂದರು, ನಾಲ್ಕು ಸಲವೂ ಬೈದರು. ಪ್ರತಿ ಸಲ ಅವಳು ಪೌಡರ್ ಸವರಿ ಗುರುತು ನೋಡಿದಳು, ಅವಸರಪಡಲಿಲ್ಲ. ಐದನೇ ಸಲ ಕನ್ನಡಿ ನೋಡಿಕೊಂಡು ಏನೂ ಹೇಳದೆ ಹಾಕಿಕೊಂಡೇ ಹೋದರು.

ಟೀ ಅಂಗಡಿಯಲ್ಲಿ ಅವರು ತಮ್ಮ ಮಾತು ವಾಪಸ್ ತೆಗೆದುಕೊಂಡರು ಅಂತಿಲ್ಲ. "ಮೂಗೂ ಕೆಟ್ಟಿತ್ತು, ಕನ್ನಡಕವೂ ಕೆಟ್ಟಿತ್ತು. ಕನ್ನಡಕದವಳು ಒಪ್ಕೊಂಡ್ಲು, ಮೂಗು ಒಪ್ಕೊಳ್ಳಲಿಲ್ಲ" ಅನ್ನುತ್ತಿದ್ದಾರೆ ಅಂತ ದರ್ಜಿ ಬಂದು ಹೇಳಿದ. ದೊಡ್ಡಕ್ಕ ಮೂಗು ಮುರಿದಳು. ಚಿಕ್ಕಕ್ಕ ನಕ್ಕಳು, ಅದರಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.

ಆದರೆ ಅವಳ ಕಣ್ಣಿಗೆ ಒಂದು ಕಾಯಿಲೆ ಹತ್ತಿತ್ತು. ಈಗ ಯಾವ ಮುಖವೂ ಬರೀ ಮುಖವಾಗಿ ಕಾಣುತ್ತಿರಲಿಲ್ಲ. ಕೆನ್ನೆಯ ಮಚ್ಚೆ, ರೆಪ್ಪೆಯ ಕುರು, ಹಣೆಯ ಒರಟು ಚರ್ಮ, ಎಲ್ಲದರ ಮುಂದೆ ಅವಳ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ಬ್ಯಾಂಕಿನ ಗುಮಾಸ್ತೆಯೊಬ್ಬಳ ಕೆನ್ನೆಯ ಮೇಲೆ, ನಡುವೆ ಕುಳಿಯಿದ್ದ ಹಳದಿ ಗುಳ್ಳೆ ಕಂಡು, ತೋರಿಸಿಬಿಡಿ ಅಂದಳು. ಆಕೆ ಹದಿನೈದು ದಿನದ ಮೇಲೆ ಬಂದು ನಿಂತಳು, ಕಣ್ಣ ಕೆಳಗೆ ಕಪ್ಪು.

"ಬರೀ ಎಣ್ಣೆಗ್ರಂಥಿ ಊದಿದ್ದಂತೆ! ವಯಸ್ಸಾದ ಮೇಲೆ ತುಂಬಾ ಜನಕ್ಕೆ ಬರುತ್ತಂತೆ! ಹದಿನೈದು ದಿನ ನಾನು ಊಟ ಮಾಡಿಲ್ಲ, ನನ್ನ ಮಗಳು ಅತ್ತಿದ್ದಾಳೆ. ನಿಮಗೆ ಕನ್ನಡಕ ಮಾರೋದು ಬಿಟ್ಟು ಬೇರೆ ಕೆಲಸ ಇಲ್ವಾ?"

ಚಿಕ್ಕಕ್ಕ ಕೈ ಮುಗಿದು ತಪ್ಪಾಯಿತು ಅಂದಳು. ಆಕೆ ಹೋದ ಮೇಲೆ ದೊಡ್ಡಕ್ಕ, "ನೋಡು, ನಾವು ಕನ್ನಡಕದ ಅಂಗಡಿ ಇಟ್ಟಿದ್ದೀವಿ, ಹೆದರಿಕೆ ಅಂಗಡಿ ಅಲ್ಲ. ಇನ್ನು ಮೇಲೆ ನಿನ್ನ ಕಣ್ಣು ಫ್ರೇಮಿನ ಮೇಲಿರಲಿ," ಅಂದಳು. ತಂಗಿ ಒಪ್ಪಿದಳು. ಮನಸ್ಸಿನಿಂದಲೇ ಒಪ್ಪಿದಳು. ಆ ಮಗಳು ಅತ್ತದ್ದು ಅವಳ ತಲೆಯಿಂದ ಹೋಗಲಿಲ್ಲ. ಎರಡು ವಾರ ಅವಳು ಕಡ್ಡಿ, ಸ್ಕ್ರೂ, ಲೆನ್ಸು ಬಿಟ್ಟು ಬೇರೇನೂ ನೋಡಲಿಲ್ಲ.

ಆಮೇಲೆ ಒಬ್ಬ ಅಂಚೆಯವರು ಬಂದರು. ಕಡ್ಡಿ ಸಡಿಲವಾಗಿದೆ, ಸೈಕಲ್ ತುಳಿಯುವಾಗ ಕನ್ನಡಕ ಬೀಳುತ್ತದೆ ಅಂದರು. ಅವಳು ಸ್ಕ್ರೂ ಬಿಗಿ ಮಾಡಿ, ಹಾಕಿ ನೋಡಲು ಬಗ್ಗಿದಳು. ಕಡ್ಡಿಯ ಕೆಳಗೆ, ಕೆನ್ನೆಯ ಮೇಲೆ, ಹರಿದ ಭೂಪಟದಂಥ ಒಂದು ಕಂದು ಕಲೆ; ಒಂದು ಕಡೆ ತಿಳಿ, ಒಂದು ಕಡೆ ಕಡುಕಪ್ಪು. ವಯಸ್ಸಿನ ಕಲೆ ಇರಬಹುದು. ಬಹುಮಟ್ಟಿಗೆ ಅದೇ ಇರಬಹುದು.

ಗಲ್ಲಾಪೆಟ್ಟಿಗೆಯ ಹತ್ತಿರ ದೊಡ್ಡಕ್ಕ ಎಚ್ಚರಿಕೆಯ ಕೆಮ್ಮು ಕೆಮ್ಮಿದಳು.

ಚಿಕ್ಕಕ್ಕ ಕನ್ನಡಕವನ್ನು ಒರೆಸಿದಳು, ಮಡಚಿದಳು, ಡಬ್ಬಿಯಲ್ಲಿಟ್ಟಳು. ಅಂಚೆಯವರು ಎದ್ದು ನಿಂತರು. ಬಾಗಿಲ ಹಿಡಿಗೆ ಅವರ ಕೈ ಹೋಯಿತು.

"ಸಾರ್, ಒಂದು ನಿಮಿಷ," ಅಂದಳು. "ನಾನು ಡಾಕ್ಟರ್ ಅಲ್ಲ. ಹೋದ ತಿಂಗಳು ಒಬ್ಬರನ್ನ ಸುಮ್ಮನೆ ಹೆದರಿಸಿ ಬೈಸ್ಕೊಂಡಿದ್ದೀನಿ. ಆದ್ರೂ ಕೇಳ್ತೀನಿ. ಕೆನ್ನೆ ಮೇಲಿನ ಈ ಕಲೆ ಎಷ್ಟು ದಿನದಿಂದ ಇದೆ?"